ಗಾಡಿ ಕೀ ಯಾರ ಕೈಲಿ?

ಬೆಂಗಳೂರಿನ ಕಡೆಯಿಂದ ಪಿ.ಬಿ. ರಸ್ತೆ ಹಿಡಿದು ಬಂದವರಿಗೆ ದಾವಣಗೆರೆ ಶುರುವಾಗುವುದೇ ನಮ್ಮ ಆವರಗೆರೆಯಿಂದ. ಅದೇ ರಸ್ತೆಯಲ್ಲಿ ಊರು ದಾಟಿ, ಬಾತಿ ಗುಡ್ಡವನ್ನು ನೋಡುತ್ತಾ ಮುಂದೆ ಹೋದರೆ ಹರಿಹರ, ಅದರಾಚೆ ತುಂಗಭದ್ರೆ. ಬೈಪಾಸ್ ಆದ ಮೇಲೆ ಮುಂಬಯಿಗೆ ಹೋಗುವ ದೊಡ್ಡ ಲಾರಿಗಳು ಊರ ಹೊರಗಿನಿಂದಲೇ ಸಾಗುತ್ತವೆ, ಆದರೂ ಈ ಹಳೆಯ ರಸ್ತೆಗೆ ಪುರುಸೊತ್ತು ಸಿಕ್ಕಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಇಲ್ಲಿ ನಿಂತು ನೋಡಬೇಕು. ಬೆನ್ನಿಗೆ ಬ್ಯಾಗು ಏರಿಸಿದ ಹುಡುಗ ಹುಡುಗಿಯರು ಸ್ಕೂಟಿಯಲ್ಲಿ ಕಾಲೇಜಿಗೆ, ಟ್ಯೂಷನ್ನಿಗೆ. ಅವರ ಹಿಂದೆಯೇ ಕೆಲಸಕ್ಕೆ ಹೊರಟ ನಡುವಯಸ್ಸಿನವರ ಬೈಕುಗಳು, ತರಕಾರಿ ತುಂಬಿದ ಲಗೇಜ್ ಆಟೋಗಳು. ಅವೆಲ್ಲವುಗಳ ಎಡಬದಿಗೆ, ಹಾಲಿನ ಕ್ಯಾನು ಒಂದು ಕಡೆ, ಹುಲ್ಲಿನ ಹೊರೆ ಒಂದು ಕಡೆ ಕಟ್ಟಿಕೊಂಡು ಟಿ.ವಿ.ಎಸ್. ಎಕ್ಸೆಲ್‌ನಲ್ಲಿ ಬರುವ ಅಜ್ಜಂದಿರು. ಹದಿನೈದರಿಂದ ಎಪ್ಪತ್ತೈದರವರೆಗಿನ ಎಲ್ಲ ವಯಸ್ಸುಗಳೂ ಒಂದೇ ಡಾಂಬರಿನ ಮೇಲೆ, ಒಂದೇ ಹೊತ್ತಿನಲ್ಲಿ.

ಎಲ್ಲಿಯಾದರೂ ಗಾಡಿಗಳು ತಾಗಿದವು ಅನ್ನಿ, ಸಂಜೆ ಚಹಾದಂಗಡಿಯಲ್ಲಿ ಅದರದ್ದೇ ಮಾತು. ಹಿರಿಯರು, "ಈಗಿನ ಹುಡುಗ್ರಿಗೆ ಹಿಡಿತಾನೇ ಇಲ್ಲ ಬಿಡ್ರಿ" ಅನ್ನುತ್ತಾರೆ. ಹುಡುಗರು, "ಅಜ್ಜಾರು ಇಂಡಿಕೇಟ್ರು ಹಾಕದೇ ತಿರುಗಿಸಿದ್ರೆ ನಾವೇನ್ ಮಾಡಣ?" ಅನ್ನುತ್ತಾರೆ. ನಡುವಯಸ್ಸಿನವರು ಇಬ್ಬರ ಮಾತಿಗೂ ತಲೆಯಾಡಿಸಿ, ಬಂದ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಬೈಕು ಸ್ಟಾರ್ಟ್ ಮಾಡಿ ಹೊರಟುಬಿಡುತ್ತಾರೆ. ಈ ಚರ್ಚೆ ಕೇಳಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು. ಎಲ್ಲರೂ ಇನ್ನೊಬ್ಬರ ವಯಸ್ಸಿನ ತಪ್ಪನ್ನು ಸರಿಯಾಗಿಯೇ ಗುರುತಿಸುತ್ತಾರೆ, ತಮ್ಮ ವಯಸ್ಸಿನದು ಮಾತ್ರ ಯಾರಿಗೂ ಕಾಣುವುದಿಲ್ಲ. ಗಾಡಿ ಓಡಿಸುವುದಕ್ಕೆ ಯಾವ ಕೊರತೆಯೂ ಇಲ್ಲದ ವಯಸ್ಸು ಅಂತ ಒಂದಿಲ್ಲ. ಹರೆಯಕ್ಕೆ ಒಂದು ಕೊರತೆಯಾದರೆ ಮುಪ್ಪಿಗೆ ಇನ್ನೊಂದು, ನಡುವಿನವರಿಗೆ ಮತ್ತೊಂದು.

ಮೊದಲು ಹುಡುಗರ ವಿಷಯ. ದಾವಣಗೆರೆ ಓದುವವರ ಊರು. ಯುಬಿಡಿಟಿ, ಬಿಐಇಟಿ, ಜೆಜೆಎಂ ಮೆಡಿಕಲ್ ಕಾಲೇಜು, ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ, ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಪಿಯು ಕಾಲೇಜುಗಳು. ಹೀಗಾಗಿ ಹದಿಹರೆಯದವರ ಗಾಡಿಗಳೂ ಹೆಚ್ಚು. ಇವರ ಕಣ್ಣು ಚುರುಕು, ಕೈಕಾಲು ಚುರುಕು, ಬ್ರೇಕ್ ಒತ್ತುವ ಬೆರಳು ಇನ್ನೂ ಚುರುಕು. ಹಾಗಿದ್ದೂ ಹೆಚ್ಚು ಬೀಳುವವರು ಇವರೇ. ಪ್ರಪಂಚದಲ್ಲಿ 5ರಿಂದ 29 ವರ್ಷದೊಳಗಿನವರ ಜೀವ ತೆಗೆಯುವ ಕಾರಣಗಳಲ್ಲಿ ಮೊದಲನೆಯದು ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವ ಜ್ವರವೂ, ಯಾವ ಸೋಂಕೂ ಅದರ ಮುಂದಿಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ 1,68,491 ಜನ ತೀರಿಕೊಂಡರು. ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45ರೊಳಗಿನವರು.

ಚುರುಕಿದ್ದರೂ ಯಾಕೆ ಹೀಗೆ? ಗಾಡಿ ಓಡಿಸುವುದರಲ್ಲಿ ಎರಡು ವಿದ್ಯೆಗಳಿವೆ. ಒಂದು ಕೈಯದು, ಇನ್ನೊಂದು ತಲೆಯದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಕಲಿಯುವಾಗ ಕೈ ಬೇಗ ತಿರುಗುತ್ತದೆ, ಹಂಚಿನ ಕಾವು ತಿಳಿಯುವುದಕ್ಕೆ ಮಾತ್ರ ಬಹಳ ಕಾಲ ಬೇಕು, ಇದೂ ಹಾಗೆಯೇ. ಕ್ಲಚ್ಚು, ಗೇರು, ಬ್ಯಾಲೆನ್ಸು ಒಂದು ವಾರದಲ್ಲಿ ಬಂದುಬಿಡುತ್ತವೆ. ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ಓಡಿ ಬರಬಹುದು, ಮೆಕ್ಕೆಜೋಳ ತುಂಬಿಕೊಂಡು ಎಪಿಎಂಸಿಗೆ ಹೊರಟ ಟ್ರ್ಯಾಕ್ಟರಿನ ಟ್ರಾಲಿಗೆ ಹಿಂದೆ ಲೈಟೇ ಇರಲಿಕ್ಕಿಲ್ಲ, ಮಳೆಯ ಮೊದಲ ಹನಿಗಳಿಗೆ ರಸ್ತೆ ಹೆಚ್ಚು ಜಾರುತ್ತದೆ. ಇಂಥವು ವಾರದಲ್ಲಿ ಬರುವುದಿಲ್ಲ. ಮುಂದಾಗುವುದನ್ನು ಊಹಿಸಿ ಆಸೆಯನ್ನು ತಡೆಹಿಡಿಯುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ನಾಲ್ಕಾರು ವರ್ಷವಾದ ಮೇಲೆ ಎಂದು ವೈದ್ಯರು ಹೇಳುತ್ತಾರೆ. ಹಿಂದೆ ಗೆಳೆಯನೊಬ್ಬ ಕುಳಿತರೆ ಅಪಾಯ ಇನ್ನೂ ಏರುತ್ತದೆ. ಒಬ್ಬನೇ ಇದ್ದಾಗ ನಲವತ್ತರಲ್ಲಿ ಹೋಗುವ ಹುಡುಗ, ಮೂವರಾದಾಗ ಎಪ್ಪತ್ತಕ್ಕೆ ಹೋಗುತ್ತಾನೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಅವನ ಫಿಸಿಕ್ಸ್ ಪುಸ್ತಕದಲ್ಲೇ ಇದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿರುತ್ತಾನೆ ಕೂಡ. ಪುಸ್ತಕದಿಂದ ಅದು ರಸ್ತೆಗೆ ಇಳಿಯುವುದಕ್ಕೆ ಮಾತ್ರ ಸಮಯ ಬೇಕು.

ಕಾನೂನಿಗೆ ಇದು ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದೆ ಗಾಡಿ ಓಡಿಸುವಂತಿಲ್ಲ. ಲಾರಿ, ಬಸ್ಸಿನಂಥ ಸಾರಿಗೆ ವಾಹನಕ್ಕೆ 20 ತುಂಬಬೇಕು. 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿ ಓಡಿಸಲು ಅವಕಾಶವಿದೆ. ಅದು ಟಿ.ವಿ.ಎಸ್. 50 ಓಡಾಡುತ್ತಿದ್ದ ಕಾಲದ ಮಾತು. ಇವತ್ತು ಮನೆಮುಂದೆ ನಿಂತಿರುವ ಸ್ಕೂಟಿಗಳು ನೂರು, ನೂರಿಪ್ಪತ್ತೈದು ಸಿಸಿಯವು. ಅವುಗಳನ್ನು ಹತ್ತನೆಯ ತರಗತಿಯ ಮಗುವಿನ ಕೈಗೆ ಕೊಡಲು ಯಾವ ದಾರಿಯೂ ಇಲ್ಲ. ಕೊಟ್ಟರೆ ಏನಾಗುತ್ತದೆ ಎಂಬುದನ್ನು 2019ರ ತಿದ್ದುಪಡಿ ಖಂಡಿತವಾಗಿ ಹೇಳಿದೆ: ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದು ಅದೇ ತಿದ್ದುಪಡಿಯಲ್ಲಿದೆ. ಮಗು ಗಾಡಿ ತೆಗೆದದ್ದು ಪೋಷಕರ ಒಪ್ಪಿಗೆಯಿಂದಲೇ ಎಂದು ನ್ಯಾಯಾಲಯ ಭಾವಿಸುತ್ತದೆ. ನನಗೆ ತಿಳಿಯದೆ ಆಯಿತು ಅಥವಾ ನಾನು ತಡೆಯಲು ನೋಡಿದ್ದೆ ಎಂದು ತೋರಿಸಿಕೊಡಬೇಕಾದವರು ಅಪ್ಪ ಅಮ್ಮನೇ. ನನಗೆ ಈ ಮಾತು ಬಹಳ ಸರಿ ಅನ್ನಿಸುತ್ತದೆ. ಯಾಕೆಂದರೆ ಗಾಡಿ ಕೀ ನಡುಮನೆಯ ಮೊಳೆಗೆ ನೇತಾಡುತ್ತಿರುತ್ತದೆ, ಪೊಲೀಸ್ ಠಾಣೆಯಲ್ಲಿ ಅಲ್ಲ.

ತಂದೆತಾಯಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಟ್ಯೂಷನ್ ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೆ ಸಿಟಿ ಬಸ್ಸು ಸಿಗುವುದಿಲ್ಲ, ಆಟೋಗೆ ದಿನಾ ಕೊಡುವುದು ಕೈಗೆಟುಕುವುದಿಲ್ಲ, ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾನೆ. "ಇಲ್ಲೇ ಐತಲ್ಲ, ಒಳರಸ್ತೇಲಿ ಹೋಗಿ ಬಾರಪ್ಪಾ" ಎಂದು ಕೀ ಕೊಡುವ ಅಮ್ಮನ ಮನಸ್ಸಿನಲ್ಲಿ ಮಗನ ಓದು ಬಿಟ್ಟರೆ ಬೇರೇನೂ ಇರುವುದಿಲ್ಲ. ಇಂಥ ಮನೆಗಳಿಗೆ ದಂಡದ ಹೆದರಿಕೆಯ ಜೊತೆಗೆ ಬೇರೆ ದಾರಿಯೂ ಬೇಕು. ಕಾಲೇಜಿನ ವೇಳೆಗೆ ಸರಿಹೊಂದುವ ಬಸ್ಸು, ಸೈಕಲ್ಲಿಗೆ ಅಂಜಿಕೆಯಿಲ್ಲದ ರಸ್ತೆಯಂಚು, ಬೆಳಕು ಹರಿದ ಮೇಲೆ ಶುರುವಾಗುವ ಟ್ಯೂಷನ್. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಪುಟ್ಟ ಬ್ಯಾಟರಿ ಗಾಡಿಗಳಿಗೆ ಡಿಎಲ್ ಬೇಕಿಲ್ಲ ಎಂಬುದನ್ನೂ ಹಲವರು ಗಮನಿಸಿಲ್ಲ. ಅದರ ಮೇಲೆ ಹೋಗುವ ಮಗುವಿನ ತಲೆಗೂ ಹೆಲ್ಮೆಟ್ ಬೇಕೇ ಬೇಕು.

ನ್ಯೂಜಿಲೆಂಡಿನವರು 1987ರಲ್ಲಿ ಒಂದು ಒಳ್ಳೆಯ ಉಪಾಯ ಮಾಡಿದರು. ಹೊಸಬರಿಗೆ ಒಂದೇ ಸಲಕ್ಕೆ ಪೂರ್ತಿ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿ, ಮೆಟ್ಟಿಲು ಮೆಟ್ಟಿಲಾಗಿ ಕೊಡತೊಡಗಿದರು. ಶುರುವಿನಲ್ಲಿ ರಾತ್ರಿ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಹಗಲಿನಲ್ಲಿ ಪಳಗಿದ ಮೇಲೆ ಉಳಿದದ್ದು. ಆಮೇಲೆ ಎಷ್ಟೋ ದೇಶಗಳು ಇದನ್ನು ಅನುಸರಿಸಿದವು. ನಮ್ಮಲ್ಲಿ ಎಲ್‌ಎಲ್‌ಆರ್, ಡಿಎಲ್ ಎಂಬ ಎರಡೇ ಮೆಟ್ಟಿಲು. ಆದರೆ ಮನೆಯವರು ಮೂರನೆಯ ಮೆಟ್ಟಿಲನ್ನು ತಾವೇ ಕಟ್ಟಬಹುದು. ಡಿಎಲ್ ಬಂದ ಮೊದಲ ವರ್ಷ ಕತ್ತಲಾದ ಮೇಲೆ ಹೈವೇ ಬೇಡ, ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದು ಬೇಡ. ಇದಕ್ಕೆ ಆರ್‌ಟಿಓ ಕಚೇರಿಯ ಅಪ್ಪಣೆ ಬೇಕಾಗಿಲ್ಲ.

ಇನ್ನು ನಡುವಯಸ್ಸಿನವರು, ಅಂದರೆ ಊರನ್ನು ನಡೆಸುತ್ತಿರುವವರು. ಇವರಿಗೆ ಅನುಭವವಿದೆ, ದೇಹ ಇನ್ನೂ ಗಟ್ಟಿಯಿದೆ. ಎಲ್ಲಕ್ಕಿಂತ ಸುರಕ್ಷಿತ ವಯಸ್ಸು ಎಂದು ಲೆಕ್ಕಕ್ಕೆ ಕಾಣುತ್ತದೆ. ಇವರ ಕೊರತೆ ನಿದ್ದೆ ಮತ್ತು ಗಮನ. ಅಂಗಡಿಯ ಲೆಕ್ಕ, ಮಗಳ ಫೀಸು, ಸಾಲದ ಕಂತು, ಆಸ್ಪತ್ರೆಯಲ್ಲಿರುವ ಅಮ್ಮ, ಇವೆಲ್ಲ ಹ್ಯಾಂಡಲ್ ಹಿಡಿದಾಗಲೂ ತಲೆಯೊಳಗೆ ಓಡುತ್ತಿರುತ್ತವೆ. ಅದರ ಮೇಲೆ ಮೊಬೈಲ್. ಅರವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ವಾಟ್ಸಾಪ್ ಸಂದೇಶ ಯಾರದೆಂದು ನೋಡಿ ತಲೆಯೆತ್ತುವುದಕ್ಕೆ ಮೂರು ಸೆಕೆಂಡ್ ಹಿಡಿದರೂ, ಅಷ್ಟರಲ್ಲಿ 50 ಮೀಟರ್ ರಸ್ತೆಯನ್ನು ಕಣ್ಣುಮುಚ್ಚಿ ದಾಟಿದ ಹಾಗಾಯಿತು. ಹದಡಿ ರಸ್ತೆಯಲ್ಲೋ ಶಾಮನೂರು ರಸ್ತೆಯಲ್ಲೋ ಆ 50 ಮೀಟರಿನೊಳಗೆ ಒಂದು ಶಾಲೆಯ ಗೇಟು, ಒಂದು ತಳ್ಳುಗಾಡಿ, ರಸ್ತೆ ದಾಟುತ್ತಿರುವ ಒಬ್ಬರು ಅಜ್ಜಿ ಇದ್ದೇ ಇರುತ್ತಾರೆ.

ನಿದ್ದೆಯ ವಿಷಯ ಇನ್ನೂ ಕಠಿಣ. ಬೆಳಗಿನ ಜಾವ ಎರಡರಿಂದ ಐದರವರೆಗೆ, ಮತ್ತೆ ಮಧ್ಯಾಹ್ನ ಊಟವಾದ ಮೇಲೆ, ದೇಹ ತಾನಾಗಿ ಕಣ್ಣು ಮುಚ್ಚಲು ನೋಡುತ್ತದೆ. ಎಷ್ಟು ವರ್ಷದ ಅನುಭವವಿದ್ದರೂ ಅದನ್ನು ಗೆಲ್ಲಲಾಗುವುದಿಲ್ಲ. ಕಿಟಕಿ ಇಳಿಸಿ ಗಾಳಿ ತೆಗೆದುಕೊಂಡರೂ, ಹಾಡು ಜೋರಾಗಿ ಹಾಕಿದರೂ ಸ್ವಲ್ಪ ಹೊತ್ತು ಅಷ್ಟೇ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೇ ನಿಜವಾದ ಮದ್ದು. 2024ರ ಜೂನ್ 28ರ ಬೆಳಗಿನ ಜಾವ ನಮ್ಮ ಊರಿನ ಹೊರಗೆ ಹಾದುಹೋಗುವ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಸವದತ್ತಿ ಯಲ್ಲಮ್ಮನ ದರ್ಶನ ಮಾಡಿ ಭದ್ರಾವತಿ ಕಡೆಗೆ ವಾಪಸಾಗುತ್ತಿದ್ದ ಟೆಂಪೋ ಟ್ರಾವೆಲರ್ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ಹೋದರು. ಆ ಹೊತ್ತು ಎಂಥದೆಂದು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ದೇವರ ದರ್ಶನಕ್ಕೆ ಹೋದವರು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಟರೆ ಒಂದು ದಿನದ ಕೆಲಸ ಕೆಡುತ್ತದೆ, ಅಷ್ಟೇ. ಯಾತ್ರೆಯ ಖರ್ಚಿನಲ್ಲಿ ಆ ಒಂದು ರಾತ್ರಿಯ ವಸತಿಯನ್ನೂ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ದಾವಣಗೆರೆಯ ಶಾಲಾ ದಿನಗಳ ಗೆಳತಿಯರ ಗುಂಪು ಗೋವಾ ನೋಡಲು ಹೊರಟಿತ್ತು. ಧಾರವಾಡದ ಹತ್ತಿರ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಅವರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಊರಿಗೆ ಊರೇ ಅತ್ತ ದಿನ ಅದು. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಅಗಲವಾಗಿ ಬಂದ ಹೆದ್ದಾರಿ, ಹುಬ್ಬಳ್ಳಿ ಧಾರವಾಡದ ನಡುವಿನ ಸುಮಾರು 30 ಕಿಲೋಮೀಟರ್ ಮಾತ್ರ ಡಿವೈಡರ್ ಇಲ್ಲದ ಎರಡೇ ಪಥದ ರಸ್ತೆಯಾಗಿತ್ತು. ಅದಕ್ಕೂ ಎಷ್ಟೋ ಮೊದಲಿನಿಂದ ಅಲ್ಲಿ ಜನ ಸಾಯುತ್ತಲೇ ಇದ್ದರು. ಆ ರಸ್ತೆಯ ಅಗಲೀಕರಣವನ್ನು ಕೈಗೆತ್ತಿಕೊಂಡದ್ದು ಆಮೇಲೆ. ಓಡಿಸುವವರ ವಯಸ್ಸಿನ ಬಗ್ಗೆ ಮಾತಾಡುವಾಗ ರಸ್ತೆಯನ್ನು ಮರೆಯಬಾರದು ಎಂದು ನಾನು ಹೇಳುವುದು ಇದಕ್ಕೇ. ಮನುಷ್ಯ ಯಾವ ವಯಸ್ಸಿನಲ್ಲೂ ತಪ್ಪುತ್ತಾನೆ. ಆ ತಪ್ಪಿಗೆ ಒಂದು ತರಚುಗಾಯ ಶಿಕ್ಷೆಯೋ, ಪ್ರಾಣವೇ ಶಿಕ್ಷೆಯೋ ಎಂಬುದನ್ನು ರಸ್ತೆ ಕಟ್ಟಿದವರು ಮೊದಲೇ ತೀರ್ಮಾನಿಸಿರುತ್ತಾರೆ.

ನಮ್ಮ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆಯ ಕಾಲಕ್ಕೆ ಮೆಕ್ಕೆಜೋಳ ಹರವುತ್ತಾರೆ. ರೈತನಿಗೆ ಕಣವಿಲ್ಲ, ಬಿಸಿಲು ಬಿದ್ದ ಡಾಂಬರಿನಷ್ಟು ಚೆನ್ನಾಗಿ ಒಣಗಿಸುವ ಜಾಗ ಬೇರೆ ಇಲ್ಲ. ಆದರೆ ಕಾಳು ಗಾಳಿಗೆ ಚೆಲ್ಲದಂತೆ ಸುತ್ತ ಇಟ್ಟ ಗುಂಡುಕಲ್ಲುಗಳು ರಾತ್ರಿ ಅಲ್ಲೇ ಉಳಿಯುತ್ತವೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಬೈಕು ಜಾರುತ್ತದೆ, ತಪ್ಪಿಸಲು ಹೋದರೆ ಕಲ್ಲು. ಪಂಚಾಯ್ತಿಗೊಂದು ಒಕ್ಕಣೆ ಕಣ ಕಟ್ಟುವುದನ್ನು ರಸ್ತೆ ಸುರಕ್ಷತೆಯ ಕೆಲಸ ಎಂದೇ ನಾನು ತಿಳಿಯುತ್ತೇನೆ. ಟ್ರಾಲಿಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದೂ ಅಷ್ಟೇ. ನಲವತ್ತು ದಾಟಿದ ಕಣ್ಣಿಗೆ ಅದು ಕೊಡುವ ಉಪಕಾರ ದೊಡ್ಡದು.

ಕಣ್ಣಿನ ಮಾತು ಬಂದ ಮೇಲೆ ಹಿರಿಯರ ವಿಷಯಕ್ಕೆ ಬರಲೇಬೇಕು. ಇವರ ತಲೆಯಲ್ಲಿ ತಾಳ್ಮೆ ತುಂಬಿದೆ. ಜೋರಾಗಿ ಓಡಿಸುವುದಿಲ್ಲ, ಕುಡಿದು ಓಡಿಸುವವರೂ ಕಡಿಮೆ. ದೇಹ ಮಾತ್ರ ಸದ್ದಿಲ್ಲದೆ ಹಿಂದೆ ಬೀಳುತ್ತಿರುತ್ತದೆ. ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ. ಪೊರೆ ಬಂದಿದ್ದರೆ ಎದುರಿನ ಗಾಡಿಯ ಬೆಳಕು ಕಣ್ಣೊಳಗೆಲ್ಲ ಚದುರುತ್ತದೆ. ಆ ಬೆಳಕು ದಾಟಿಹೋದ ಮೇಲೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಹುಡುಗರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಈಗಿನ ಬಿಳಿ ಎಲ್‌ಇಡಿ ದೀಪಗಳನ್ನು ಡಿಪ್ ಮಾಡದೆ ಬರುವ ಹುಡುಗರಿಗೆ ಇದೊಂದು ಗೊತ್ತಿದ್ದರೆ ಸಾಕಿತ್ತು. ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಕಿವಿಗೆ ಹಾರ್ನು ತಡವಾಗಿ ಮುಟ್ಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ಊಟ ತಪ್ಪಿದರೆ ಸಕ್ಕರೆ ಇಳಿದು ಕಣ್ಣು ಕತ್ತಲಿಡಬಹುದು. ಶೀತಕ್ಕೆಂದು ತೆಗೆದುಕೊಂಡ ಮಾತ್ರೆಯೂ ಮಂಪರು ತರುತ್ತದೆ. ಹಿರಿಯರ ಅಪಘಾತಗಳು ಹೆಚ್ಚಾಗಿ ಆಗುವುದು ಸರ್ಕಲ್ಲುಗಳಲ್ಲಿ, ಬಲಕ್ಕೆ ತಿರುಗುವಾಗ. ಎದುರಿನ ಗಾಡಿ ಎಷ್ಟು ದೂರ, ಎಷ್ಟು ವೇಗ, ಹಿಂದೆ ಯಾರಿದ್ದಾರೆ ಎಂದು ಮೂರು ಲೆಕ್ಕ ಒಟ್ಟಿಗೆ ಮಾಡಬೇಕಾದ ಜಾಗ ಅದು. ಮತ್ತು ಹುಡುಗ ಎದ್ದು ಮಣ್ಣು ಕೊಡವಿಕೊಳ್ಳುವ ಪೆಟ್ಟಿಗೆ ಅಜ್ಜನ ಸೊಂಟದ ಮೂಳೆ ಮುರಿಯುತ್ತದೆ.

ಕಾನೂನು ಇದನ್ನೂ ಕಂಡಿದೆ. ನಲವತ್ತು ದಾಟಿದವರು ಲೈಸೆನ್ಸ್ ನವೀಕರಿಸುವಾಗ ವೈದ್ಯರ ಪ್ರಮಾಣಪತ್ರ ತರಬೇಕು. ಐವತ್ತೈದು ದಾಟಿದ ಮೇಲೆ ಒಂದು ಸಲಕ್ಕೆ ಐದು ವರ್ಷಕ್ಕಷ್ಟೇ ನವೀಕರಣ. ಆದರೆ ಆ ಪ್ರಮಾಣಪತ್ರವನ್ನು ಬರೀ ಕಾಗದವೆಂದು ನೋಡಿ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಎಲ್ಲ ಕಡೆ ಇದೆ. ವರ್ಷಕ್ಕೊಮ್ಮೆ ಕಣ್ಣಿನ ನಿಜವಾದ ತಪಾಸಣೆ ಮಾಡಿಸಿದರೆ ಅದೇ ದೊಡ್ಡ ರಕ್ಷೆ. ಪೊರೆಯ ಶಸ್ತ್ರಚಿಕಿತ್ಸೆ ಈಗ ಕೆಲವೇ ನಿಮಿಷದ ಕೆಲಸ, ಸರ್ಕಾರಿ ಆಸ್ಪತ್ರೆಗಳಲ್ಲೂ ಆಗುತ್ತದೆ. ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣಕ್ಕೆ ಮೊದಲು ನೆನಪು ಮತ್ತು ಗ್ರಹಿಕೆಯ ಪರೀಕ್ಷೆಯಿದೆ. ತಾವಾಗಿ ಲೈಸೆನ್ಸ್ ಹಿಂತಿರುಗಿಸಿದ ಹಿರಿಯರಿಗೆ ಅನೇಕ ಊರುಗಳಲ್ಲಿ ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ ಸಿಗುತ್ತದೆ. ಬಿಡಿ ಎಂದು ಹೇಳುವುದರ ಜೊತೆಗೆ ಹೋಗಲು ಬೇರೆ ದಾರಿಯನ್ನೂ ಕೊಡುವುದು ಗೌರವದ ರೀತಿ. ನಮ್ಮಲ್ಲೂ ಅರವತ್ತು ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇಕಡ 25ರ ರಿಯಾಯಿತಿ ಇದೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆದರೆ ಆವರಗೆರೆಯ ಒಳಬೀದಿಯ ಅಜ್ಜನಿಗೆ ಬಸ್ ಸ್ಟ್ಯಾಂಡಿನವರೆಗೆ ಹೋಗುವುದೇ ಕಷ್ಟ. ಬಸ್ಸು ಅವರ ಹತ್ತಿರ ಬಂದರೆ ತಾನೇ ಅವರು ಎಕ್ಸೆಲ್ ಬಿಡುವುದು?

ಈ ಮಾತನ್ನು ಹಿರಿಯರಿಗೆ ಹೇಳುವುದು ಹೇಗೆ ಎಂಬುದು ಪ್ರತಿ ಮನೆಯ ಸಂಕಟ. ನಮ್ಮ ಬೀದಿಯಲ್ಲಿ ಕಾಟನ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ರಾತ್ರಿ ಗಾಡಿ ಬೇಡ ಎಂದು ಅವರಿಗೆ ಹೇಳಲು ಮಗನಿಗೆ ಧೈರ್ಯ ಸಾಲಲಿಲ್ಲ. ಒಂದು ಸಂಜೆ ಸೊಸೆ, "ಮಾವಾರೇ, ಹಗಲು ನಿಮ್ ಗಾಡಿ ನಿಮ್ದೇ. ದೀಪ ಹಚ್ಚೋ ಹೊತ್ತಾದ ಮ್ಯಾಲೆ ಮಾತ್ರ ನಮ್ಮಲ್ಲೊಬ್ರನ್ನ ಕರೀರಿ" ಅಂದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಎದುರು ಗಾಡಿ ಬಂದ್ರೆ ನಂಗೂ ಏನೂ ಕಾಣ್ಸಲ್ಲಮ್ಮ, ಯಾರಿಗೆ ಹೇಳಣ ಅಂತ ಸುಮ್ನಿದ್ದೆ" ಅಂದರಂತೆ. ಅವರಿಗೆ ಎಲ್ಲವೂ ಗೊತ್ತಿತ್ತು, ಕೇಳುವವರು ಬೇಕಾಗಿತ್ತು. ಕೀ ಕಿತ್ತುಕೊಂಡಿದ್ದರೆ ಅವರ ಓಡಾಟದ ಸ್ವಾತಂತ್ರ್ಯವೇ ಹೋಗುತ್ತಿತ್ತು. ಕತ್ತಲನ್ನಷ್ಟೇ ಬಿಟ್ಟುಕೊಟ್ಟು ಅವರು ಹಗಲನ್ನು ಉಳಿಸಿಕೊಂಡರು. ಇನ್ನೂ ಸೊಪ್ಪು ತರಲು, ಹೊಲ ನೋಡಲು ತಾವೇ ಹೋಗಿ ಬರುತ್ತಾರೆ.

ನನ್ನ ಭರವಸೆಯೆಲ್ಲ ಇಂಥ ಮಾತುಗಳ ಮೇಲೆಯೇ. ಜಯದೇವ ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ ಹೆಲ್ಮೆಟ್ ಇದೆಯೋ ಇಲ್ಲವೋ ಕಾಣುತ್ತದೆ. ಹುಡುಗ ನಿನ್ನೆ ಗೆಳೆಯರ ಜೊತೆ ರೇಸ್ ಕಟ್ಟಿದ್ದು, ಅಪ್ಪ ಎರಡು ರಾತ್ರಿ ನಿದ್ದೆಗೆಟ್ಟಿದ್ದು, ಅಜ್ಜ ಬಾಗಿಲಿನ ಚಿಲಕವನ್ನು ತಡಕಾಡುತ್ತಿರುವುದು ಅವರಿಗೆ ಹೇಗೆ ಕಾಣಬೇಕು? ಅದು ಮೊದಲು ಕಾಣುವುದು ಮನೆಯವರಿಗೆ. ಕಂಡವರು ಕಂಡ ದಿನವೇ ಬಾಯಿಬಿಟ್ಟು ಹೇಳಬೇಕು, ಕೇಳಿಸಿಕೊಂಡವರು ಮುನಿಸಿಕೊಳ್ಳಬಾರದು.

ನಮ್ಮ ಕಡೆ ಇನ್ನೂ ಮೂರು ತಲೆಮಾರು ಒಟ್ಟಿಗೆ ಇರುವ ಮನೆಗಳಿವೆ. ಅದೊಂದು ಭಾಗ್ಯ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದು. ಕಾರು ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಬೇಕೆಂದು ನಿಯಮವೇ ಹೇಳುತ್ತದೆ. ಆ ಜಾಗದಲ್ಲಿ ಅನುಭವಸ್ಥ ತಂದೆಯೋ ತಾತನೋ ಕುಳಿತು, ಡಿಎಲ್ ಬಂದ ಮೇಲೂ ಕೆಲವು ತಿಂಗಳು ಅಲ್ಲೇ ಕುಳಿತು, "ಆ ಬಸ್ಸಿನ ಹಿಂದೆ ಸ್ವಲ್ಪ ತಡಿ, ಯಾರಾದ್ರೂ ಇಳೀತಾರೆ" ಎಂದು ಹೇಳುತ್ತಾ ಹೋದರೆ, ಹುಡುಗನಿಗೆ ಹತ್ತು ವರ್ಷದ ಬುದ್ಧಿ ಬೀಳದೆಯೇ ಬರುತ್ತದೆ. ತಾತನಿಗೆ ಹರಿಹರದ ಮದುವೆಮನೆಯಿಂದ ರಾತ್ರಿ ಹಿಂದಿರುಗಲು ಚುರುಕು ಕಣ್ಣಿನ ಡ್ರೈವರ್ ಸಿಕ್ಕಂತಾಗುತ್ತದೆ.

ಆದ್ದರಿಂದ ಓದುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗ ಗಾಡಿಯ ಮಾತು ತೆಗೆಯಿರಿ. ಮನೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ವಯಸ್ಸಿನ ಕೊರತೆ ಯಾವುದೆಂದು ತಾವೇ ಹೇಳಲಿ. ಹೇಳಲು ಸಂಕೋಚವಾದರೆ ಉಳಿದವರು ಪ್ರೀತಿಯಿಂದ ಹೇಳಲಿ. ಯಾರು, ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ ಗಾಡಿ ತೆಗೆಯಬೇಕೆಂದು ಅಲ್ಲೇ ತೀರ್ಮಾನವಾಗಲಿ. ಹದಿನೆಂಟು ತುಂಬದವರಿಗೆ ಕೀ ಸಿಗದಿರಲಿ, ಓಡಿಸುವವರ ಫೋನು ಜೇಬಿನಲ್ಲೇ ಇರಲಿ, ಹಿರಿಯರ ಕಣ್ಣಿನ ತಪಾಸಣೆಗೆ ದಿನ ಗೊತ್ತಾಗಲಿ. ಇಷ್ಟನ್ನು ಮಾಡಲು ಯಾವ ಹೊಸ ಕಾನೂನೂ ಬೇಡ, ಹೊಸ ಹಣವೂ ಬೇಡ. ಅರ್ಧ ಗಂಟೆಯ ಮಾತು ಸಾಕು, ಅದನ್ನು ಇವತ್ತೇ ಶುರು ಮಾಡಬಹುದು.